ಬಿಳಿ ಕಾಳು, ಕಾಫಿ ಬೀಜ

ಹಾರ್ಡೆಸ್ಟಿ ಕುದುರೆಯಿಂದ ಇಳಿಯಲೇ ಇಲ್ಲ. ಶಿಬಿರದ ಬಾಯಿಗೆ ಅಡ್ಡಲಾಗಿ ಕುದುರೆ ನಿಲ್ಲಿಸಿಕೊಂಡು, ಒಂದೊಂದೇ ಬೆರಳಿನಿಂದ ಕೈಗವಸು ಎಳೆಯುತ್ತ, ಒಳಗೆ ಹೊಗೆಯಾಡುತ್ತಿದ್ದ ಒಲೆಯ ಕಡೆಗೆ ಗದ್ದ ಎತ್ತಿ ತೋರಿಸಿದ.

"ಅಗೋ, ಅಲ್ಲಿ ಕೂತಿದಾನಲ್ಲ, ಅವನೇ ನನ್ನ ಆಳು. ಕೈ ಕಟ್ಟಿಸಿ ಕೊಡಿ ಕ್ಯಾಪ್ಟನ್ ಸಾಹೇಬ್ರೇ. ಭಾನುವಾರ ಬೇರೆ, ನಂಗೂ ಮನೆ ಮಠ ಇದೆ."

ಕ್ಯಾಪ್ಟನ್ ಆನ್ಸೆಲ್ಮ್ ರೀಗರ್‌ಗೆ ಸಿಟ್ಟು ಬಂದಾಗಲೆಲ್ಲ ಇಂಗ್ಲಿಷ್ ಕೈಕೊಡುತ್ತಿತ್ತು. ಜರ್ಮನಿ ಬಿಟ್ಟು ಬಂದು ಹನ್ನೆರಡು ವರ್ಷವಾಗಿದ್ದರೂ ಆ ಭಾಷೆ ಅವನಿಗೆ ಪೂರ್ತಿ ಒಲಿದಿರಲಿಲ್ಲ. ಈಗಲೂ ಹಾಗೇ ಆಯಿತು. ನಾಲಿಗೆಯ ತುದಿಯಲ್ಲಿ ಸಾವಿರ ಬೈಗುಳ ಕುದಿಯುತ್ತಿದ್ದವು, ಹೊರಗೆ ಬಂದದ್ದು ಪಾಠ ಒಪ್ಪಿಸುವ ಹುಡುಗನ ಮಾತು.

"ನಾನು ಕೊಡುವುದಿಲ್ಲ. ಅವನು ಮನುಷ್ಯನು. ನೀವು ಹೋಗಿರಿ."

ಹಾರ್ಡೆಸ್ಟಿ ಪಕ್ಕದಲ್ಲಿದ್ದ ಅಧಿಕಾರಿಯ ಕಡೆ ತಿರುಗಿ ನಕ್ಕ. "ಈ ಡಚ್ಚರ ಇಂಗ್ಲಿಷು ಕೇಳೋಕ್ಕೇ ಒಂದು ಚೆಂದ ಕಣ್ರೀ." ಜರ್ಮನ್ನರನ್ನೆಲ್ಲ ಆ ಕಡೆಯವರು ಡಚ್ಚರು ಎಂದೇ ಕರೆಯುತ್ತಿದ್ದರು, ಅದು ಬೈಗುಳವೋ ಅಲ್ಲವೋ ಎಂಬುದು ಹೇಳುವವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಪಕ್ಕದಲ್ಲಿದ್ದವನು ಕರ್ನಲ್ ಕಳಿಸಿದ ಅಧಿಕಾರಿ. ಅವನಿಗೆ ಈ ಕೆಲಸ ಹಿಡಿಸಿರಲಿಲ್ಲ, ಆದಷ್ಟು ಬೇಗ ಮುಗಿದರೆ ಸಾಕು ಎನ್ನುವಂತೆ ಗಡಗಡ ಹೇಳಿ ಮುಗಿಸಿದ. ಓಡಿಬಂದ ಗುಲಾಮರು ಶಿಬಿರದೊಳಗೆ ಇರಕೂಡದು ಎಂದು ಮೇಲಿನಿಂದ ಆಜ್ಞೆಯಾಗಿದೆ. ಹಾರ್ಡೆಸ್ಟಿಯವರು ಒಕ್ಕೂಟಕ್ಕೆ ನಿಷ್ಠೆಯ ಪ್ರಮಾಣ ಮಾಡಿದವರು, ಅವರ ಸೊತ್ತು ಅವರಿಗೆ ಸೇರಬೇಕು. "ಸಂಜೆ ಕಹಳೆ ಊದೋ ಅಷ್ಟರಲ್ಲಿ ಇವನನ್ನ ಒಪ್ಪಿಸ್ಬೇಕು ಕ್ಯಾಪ್ಟನ್. ಇಲ್ಲದಿದ್ರೆ ನಿಮ್ಮ ಕತ್ತಿ ಕಿತ್ಕೊಂಡು ಕಂಪನೀನ ಲೆಫ್ಟಿನೆಂಟ್ ಫಾನ್ ವೆಡೆನ್ ಕೈಗೆ ಕೊಡ್ತಾರಂತೆ. ಕರ್ನಲ್ ಸಾಹೇಬ್ರೇ ಹೇಳಿ ಕಳ್ಸಿದಾರೆ."

ಫಾನ್ ವೆಡೆನ್ ಹೆಸರು ಕೇಳುತ್ತಲೇ ಡೇರೆಗಳ ನಡುವೆ ನಿಂತು ಕಿವಿಗೊಟ್ಟಿದ್ದ ಸಿಪಾಯಿಗಳಲ್ಲಿ ಗುಜುಗುಜು ಎದ್ದಿತು. ಪ್ರಷ್ಯದ ಜಮೀನ್ದಾರರ ಮನೆಯ ಮಗ ಅವನು. ಪಕ್ಕದ ಕಂಪನಿಯಲ್ಲಿ ಗುಂಡಿ ಹಾಕಿಕೊಳ್ಳಲು ಮರೆತವನೊಬ್ಬನನ್ನು ಗಾಡಿಯ ಚಕ್ರಕ್ಕೆ ಕಟ್ಟಿಸಿ ಹಿಮದಲ್ಲಿ ಬಿಟ್ಟಿದ್ದ.

"ಊಟ ಮಾಡ್ಕೊಂಡು ಬರ್ತೀವಿ, ಯೋಚ್ನೆ ಮಾಡಿ," ಎಂದು ಹಾರ್ಡೆಸ್ಟಿ ಕುದುರೆ ತಿರುಗಿಸಿದ. ಕರ್ನಲ್ ಊಟಕ್ಕೆ ಕರೆದಿದ್ದನಂತೆ.

ಅಮೆರಿಕದ ದಕ್ಷಿಣದ ರಾಜ್ಯಗಳು ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದು, ಯುದ್ಧ ಶುರುವಾದ ಮೇಲಿನ ಮೊದಲ ಚಳಿಗಾಲ ಅದು. ಮಿಸ್ಸೂರಿ ರಾಜ್ಯ ಒಕ್ಕೂಟದ ಕಡೆಗೇ ಉಳಿದಿತ್ತು, ತನ್ನ ಗುಲಾಮರನ್ನೂ ಉಳಿಸಿಕೊಂಡಿತ್ತು. ಒಕ್ಕೂಟಕ್ಕಾಗಿ ಸಾಯಲು ಬಂದವರೇ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕಿತ್ತು. ಇದಕ್ಕಿಂತ ನಾಚಿಕೆಗೇಡು ಇನ್ನೊಂದಿದೆಯೇ ಎಂದು ಆನ್ಸೆಲ್ಮ್ ಹಲ್ಲು ಕಡಿಯುತ್ತ ಡೇರೆಯ ಮುಂದೆ ಅತ್ತಿತ್ತ ಓಡಾಡಿದ. ಅವನ ಬೂಟಿನಡಿಯ ಕೆಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

ಅವನು ಜರ್ಮನಿಯ ಬಾಡೆನ್ ಸೀಮೆಯ ಹಳ್ಳಿಯೊಂದರಲ್ಲಿ ಶಾಲೆ ಮಾಸ್ತರನಾಗಿದ್ದವನು. ಜನರೇ ಆರಿಸಿದ ಸರ್ಕಾರ ಬೇಕು ಎಂದು ಆ ಸೀಮೆಗೆ ಸೀಮೆಯೇ ಎದ್ದಾಗ ಬೆತ್ತ ಬಿಸಾಡಿ ಕೋವಿ ಹಿಡಿದ. ಪ್ರಷ್ಯದ ರಾಜನ ಸೈನ್ಯ ಬಂದು ಎಲ್ಲವನ್ನೂ ಹೊಸಕಿಹಾಕಿತು. ಅಣ್ಣ ಲೊರೆನ್ಜ್‌ನನ್ನು ಕೋಟೆಯ ಕಂದಕದಲ್ಲಿ ಗೋಡೆಗೆ ನಿಲ್ಲಿಸಿ ಗುಂಡಿಟ್ಟರು. ಆನ್ಸೆಲ್ಮ್ ಮಾತ್ರ ಸೆವೆರಿನ್ ಎಂಬ ದರ್ಜಿಯ ಜೊತೆಗೆ ಮೀನಿನ ದೋಣಿಯಲ್ಲಿ ರೈನ್ ನದಿ ದಾಟಿದ. ಸೇಂಟ್ ಲೂಯಿಸ್‌ಗೆ ಬಂದ ಮೇಲೆ ಮಾಸ್ತರಿಕೆ ಯಾರೂ ಕೊಡಲಿಲ್ಲ. ಬಿಯರ್ ಭಟ್ಟಿಯಲ್ಲಿ ಪೀಪಾಯಿ ಕಟ್ಟುತ್ತ, ಸಂಜೆ ಜರ್ಮನ್ನರ ವ್ಯಾಯಾಮ ಸಂಘದಲ್ಲಿ ಕಸರತ್ತು ಕಲಿಸುತ್ತ ವರ್ಷಗಳನ್ನು ಕಳೆದ.

ಆ ಸಂಘವೇ ಈಗ ಕಂಪನಿಯಾಗಿತ್ತು. ಪೀಪಾಯಿಯವರು, ದರ್ಜಿಗಳು, ರೊಟ್ಟಿ ಸುಡುವವರು ಎಲ್ಲ ಒಟ್ಟಿಗೆ ಹೆಸರು ಕೊಟ್ಟು, ಕಸರತ್ತಿನ ಮೇಷ್ಟ್ರನ್ನೇ ಕೈ ಎತ್ತಿ ಕ್ಯಾಪ್ಟನ್ನಾಗಿ ಆರಿಸಿದರು. ಸಂಘದಲ್ಲಿ ಎಲ್ಲರೂ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಿದ್ದರು, ಸೈನ್ಯಕ್ಕೆ ಬಂದ ಮೇಲೂ ಅದನ್ನು ಬಿಡಲಿಲ್ಲ. ಇನ್ನೊಂದು ಚಾಳಿಯನ್ನೂ ಬಿಡಲಿಲ್ಲ. ಸಂಘದಲ್ಲಿ ಮತ ಹಾಕದೆ ಒಂದು ಕಡ್ಡಿಯೂ ಅಲುಗುತ್ತಿರಲಿಲ್ಲ. ಒಲೆ ಯಾವ ಮೂಲೆಯಲ್ಲಿರಬೇಕು, ಹಾಡು ಹೇಳುವಾಗ ಯಾರು ಮುಂದೆ ನಿಲ್ಲಬೇಕು, ಕಳೆದುಹೋದ ಚಮಚಕ್ಕೆ ಯಾರು ಹೊಣೆ, ಎಲ್ಲಕ್ಕೂ ಅಧ್ಯಕ್ಷ, ಸೂಚನೆ, ಅನುಮೋದನೆ, ಮತ. ಬೇರೆ ಕಂಪನಿಯವರು ನಗುತ್ತಿದ್ದರು. ಆನ್ಸೆಲ್ಮ್‌ಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ರಾಜನ ಮುದ್ರೆಯೊತ್ತಿದ ಕಾಗದದಿಂದ ಬಂದ ಪದವಿ ತನ್ನದಲ್ಲ ಎಂಬ ಹೆಮ್ಮೆ ಅವನ ಎದೆಯಲ್ಲಿ ಸದಾ ಬೆಚ್ಚಗಿತ್ತು.

ಸಾರ್ಜೆಂಟ್ ವೆಂಡೆಲಿನ್ ಹತ್ತಿರ ಬಂದ. ಸೇಂಟ್ ಲೂಯಿಸ್‌ನಲ್ಲಿ ರೊಟ್ಟಿಯಂಗಡಿ ಇಟ್ಟಿದ್ದವನು, ದಪ್ಪ ಕತ್ತಿನ, ನಿಧಾನದ ಮನುಷ್ಯ.

"ಸಭೆ ಕರೀ ಆನ್ಸೆಲ್ಮ್. ಒಬ್ನೇ ಯಾಕೆ ಹೊತ್ಕೋತೀಯ?"

"ಕರಿ! ಈಗಲೇ ಕರಿ!" ಎಂದ ಆನ್ಸೆಲ್ಮ್. ಅವನ ಕಣ್ಣಲ್ಲಿ ಬೆಳಕು ಬಂತು. "ಕಂಪನಿಗೆ ಕಂಪನೀನೇ ಇಲ್ಲ ಅಂದಿದೆ ಅಂತ ಆ ಕರ್ನಲ್ ಮುಖಕ್ಕೆ ಹೇಳ್ತೀನಿ. ನಾನೊಬ್ಬ ಹೇಳಿದ್ರೆ ಹಟ, ಇಷ್ಟು ಜನ ಸ್ವತಂತ್ರ ಪ್ರಜೆಗಳು ಹೇಳಿದ್ರೆ? ಏನ್ಮಾಡ್ತಾನೆ ನೋಡೋಣ."

ವೆಂಡೆಲಿನ್ ನೆಲಕ್ಕೆ ಕಣ್ಣು ಹಾಕಿ ಟೋಪಿ ಸರಿಪಡಿಸಿಕೊಂಡ. ಆಗಲಾದರೂ ಆನ್ಸೆಲ್ಮ್ ಅವನ ಮುಖವನ್ನು ಸರಿಯಾಗಿ ನೋಡಬೇಕಿತ್ತು. ನೋಡಲಿಲ್ಲ. ಮತಪೆಟ್ಟಿಗೆ ತನಗೆ ಮೋಸ ಮಾಡೀತು ಎಂದು ಯೋಚಿಸುವ ಶಕ್ತಿಯೇ ಆ ಮನುಷ್ಯನಿಗಿರಲಿಲ್ಲ.

ಗುಪ್ತ ಮತವಾಗಬೇಕು ಎಂಬುದು ಅವನದೇ ನಿಯಮ. ದೊಡ್ಡ ವಿಷಯಗಳಿಗೆಲ್ಲ ಕೆಟಲಿನೊಳಗೆ ಕಾಳು ಹಾಕುವುದು ರೂಢಿ. ಕಾಳು ತರಲು ಅವನೇ ಒಲೆಯ ಹತ್ತಿರ ಹೋದ.

ಗ್ರೀನ್‌ಬರಿ ದೊಡ್ಡ ಪಾತ್ರೆಯೊಂದನ್ನು ಮರಳು ಹಾಕಿ ಉಜ್ಜುತ್ತಿದ್ದ. ನಲವತ್ತು ದಾಟಿದ ಕಪ್ಪು ಮನುಷ್ಯ, ಎತ್ತರ, ತೆಳ್ಳಗೆ. ಹಾರ್ಡೆಸ್ಟಿಯ ಸೆಣಬಿನ ಹೊಲದಿಂದ ಓಡಿ, ಗೋಣಿ ಹೊದ್ದುಕೊಂಡು ಶಿಬಿರಕ್ಕೆ ಬಂದು ಒಂದು ತಿಂಗಳಾಗಿತ್ತು. ಹಾರ್ಡೆಸ್ಟಿ ಅವನನ್ನು ಬಹಳ ವರ್ಷ ಗಾಡಿ ಮಾಡುವ ಜರ್ಮನ್ನನೊಬ್ಬನಿಗೆ ಬಾಡಿಗೆಗೆ ಬಿಟ್ಟಿದ್ದ. ಹಾಗಾಗಿ ಅವನಿಗೆ ಜರ್ಮನ್ ನೀರು ಕುಡಿದಷ್ಟು ಸಲೀಸು. ಬಂದ ದಿನವೇ ಗಂಜಿಯ ರುಚಿ ನೋಡಿ, "ಇದನ್ನ ತಿಂದು ಯುದ್ಧ ಗೆಲ್ತೀರಾ? ವೈರಿಗೆ ತಿನ್ಸಿ, ಗೆಲ್ತೀರಿ," ಎಂದು ಜರ್ಮನ್ನಿನಲ್ಲೇ ಅಂದು ಎಲ್ಲರನ್ನೂ ಬಿದ್ದು ಬಿದ್ದು ನಗಿಸಿದ್ದ. ಅಂದಿನಿಂದ ಅಡುಗೆ ಅವನದೇ.

"ಒಂದಿಷ್ಟು ಬಿಳಿ ಕಾಳು ಬೇಕಿತ್ತು ಗ್ರೀನ್‌ಬರಿ. ಒಂದಿಷ್ಟು ಕಾಫಿ ಬೀಜ."

"ಯಾತಕ್ಕೆ?"

"ಮತಕ್ಕೆ." ಆನ್ಸೆಲ್ಮ್ ಅವನ ಭುಜ ಮುಟ್ಟಿದ. "ಹೆದರ್ಬೇಡ. ಇವ್ರೆಲ್ಲ ನನ್ನ ಜನ. ನಾನು ಬಲ್ಲೆ."

ಗ್ರೀನ್‌ಬರಿ ಕೈಯ ಮರಳನ್ನು ನಿಧಾನವಾಗಿ ಒರೆಸಿಕೊಂಡ. ಚೀಲದ ಬಾಯಿ ಬಿಚ್ಚಿದ. "ಇದ್ರಲ್ಲಿ ನಾನು ಯಾವ್ದು?"

"ಬಿಳಿ ಅಂದ್ರೆ ನೀನು ಉಳ್ಕೋತೀಯ."

"ಹಂಗಾದ್ರೆ ಬಿಳೀದು ಜಾಸ್ತಿ ಹಾಕ್ತೀನಿ, ಬಿಡಿ." ಮುಖದಲ್ಲಿ ನಗು ಇರಲಿಲ್ಲ. "ಕಾಫಿ ಹಸೀದು ಕೊಡ್ಲೋ, ಹುರಿದದ್ದೋ?"

ಆನ್ಸೆಲ್ಮ್ ಅದನ್ನು ತಮಾಷೆ ಎಂದುಕೊಂಡು ನಕ್ಕು, ಟೋಪಿಯಲ್ಲಿ ಎರಡನ್ನೂ ತುಂಬಿಸಿಕೊಂಡು ಬಂದ.

ಒಬ್ಬೊಬ್ಬರಾಗಿ ಡೇರೆಯೊಳಗೆ ಹೋಗಿ ಬಂದರು. ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ವೆಂಡೆಲಿನ್ ಅಧ್ಯಕ್ಷನಾಗಿದ್ದುದರಿಂದ ಕೊನೆಗೆ ಕೆಟಲನ್ನು ಹೊರಗೆ ತಂದು ಎಲ್ಲರೆದುರು ಡೋಲಿನ ಚರ್ಮದ ಮೇಲೆ ಬೋರಲು ಹಾಕಿದ. ಕಾಳು ಪಟಪಟ ಕುಣಿದು ನಿಂತವು. ಎಣಿಸುವ ಅಗತ್ಯವೇ ಇರಲಿಲ್ಲ. ಕಾಫಿ ಬೀಜದ ರಾಶಿಯ ನಡುವೆ ಬಿಳಿ ಕಾಳು ಅಲ್ಲೊಂದು ಇಲ್ಲೊಂದು ಇಣುಕುತ್ತಿದ್ದವು. ಆದರೂ ವೆಂಡೆಲಿನ್ ಎಣಿಸಿದ. ನಿಯಮ ನಿಯಮವೇ.

"ಒಪ್ಪಿಸಬೇಕು ಅಂತ ಸಭೆ ತೀರ್ಮಾನ ಮಾಡಿದೆ," ಎಂದ ನೆಲ ನೋಡುತ್ತ.

ಆನ್ಸೆಲ್ಮ್‌ಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಗೆಲ್ಲ ಬೆಂಕಿ ಬಿದ್ದಂತಾಯಿತು. ಡೋಲನ್ನು ಕಾಲಿನಿಂದ ಒದ್ದ. ಕಾಳು ಕೆಸರಿಗೆ ಚೆಲ್ಲಿದವು.

"ಯಾರು? ಯಾರು ಹಾಕಿದ್ದು? ಮುಂದೆ ಬನ್ನಿ! ನಾಯಿ ಮಕ್ಕಳಾ, ಅವನ ಕೈಯಿಂದ ಉಂಡಿದೀರಲ್ಲೋ, ನಿನ್ನೆ ರಾತ್ರಿ ಉಂಡಿದೀರಿ!"

"ಗುಪ್ತ ಮತ ಅಂತ ನಿಯಮ ಮಾಡಿದ್ದು ನೀನೇ ತಾನೆ?" ಎಂದ ವೆಂಡೆಲಿನ್.

"ನೀನೋ? ನೀನೂ ಕಾಫಿ ಹಾಕಿದ್ಯಾ?"

"ಹಾಕ್ದೆ. ಹೇಳೋಕೆ ನಂಗೇನು ಭಯ?" ನಿಧಾನದ ಮನುಷ್ಯನ ಕತ್ತು ಕೆಂಪಾಯಿತು. "ಯಾರಿಗೋಸ್ಕರ ಹಾಕ್ದೆ ಅಂತ ಕೇಳು. ನಿನಗೋಸ್ಕರ! ನಿನ್ನ ಕತ್ತಿ ಹೋದ್ರೆ ಆ ಪ್ರಷ್ಯದ ರಾಕ್ಷಸ ಬಂದು ನಮ್ಮ ತಲೆ ಮೇಲೆ ಕೂರ್ತಾನೆ. ನಮ್ಮನ್ನ ಚಕ್ರಕ್ಕೆ ಕಟ್ತಾನೆ. ಹಾಳಾಗ್ಲಿ, ನಮ್ಮದು ಬಿಡು. ನಿನ್ನನ್ನ ಕೈಕೋಳ ಹಾಕಿ ಸೇಂಟ್ ಲೂಯಿಸ್ ಬೀದೀಲಿ ನಡೆಸ್ಕೊಂಡು ಹೋದ್ರೆ ನೋಡೋಕಾಗುತ್ತಾ ನಮ್ಗೆ? ನಿನ್ನ ಮೇಲಿನ ಪ್ರೀತಿಗೆ ಹಾಕಿದೀವಿ ಕಣೋ, ಮೂರ್ಖ!"

"ನಾನು ಕೇಳಿದ್ನಾ ನಿಮ್ಮ ಪ್ರೀತೀನ?"

"ಮತ ಕೇಳ್ದೆ. ಕೊಟ್ವಿ."

ಆನ್ಸೆಲ್ಮ್‌ನ ಕೈ ಕತ್ತಿಯ ಹಿಡಿಗೆ ಹೋಯಿತು. ಯಾರ ಮೇಲೆ ಕೈ ಮಾಡಬೇಕು? ದ್ರೋಹ ಬಗೆದವರು ಎದುರಿಗಿದ್ದರೆ ಕತ್ತಿ ಹಿರಿಯಬಹುದಿತ್ತು. ಇಲ್ಲಿ ನಿಂತವರ ಕಣ್ಣಲ್ಲಿ ನೀರಿತ್ತು. ಈ ಪ್ರೀತಿಗಿಂತ ಪ್ರಷ್ಯದ ಗುಂಡೇ ವಾಸಿಯಿತ್ತು ಎನಿಸಿತು ಅವನಿಗೆ. ತಿರುಗಿ ಒಲೆಯ ಕಡೆ ನಡೆದ.

ಗ್ರೀನ್‌ಬರಿ ಎಲ್ಲವನ್ನೂ ಕೇಳಿದ್ದ. ಕೇಳದೆ ಇರಲು ಒಲೆಯೇನು ಮೈಲಿ ದೂರವಿರಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮಡಿಸಿ, ಪಾತ್ರೆಯ ಮೇಲೆ ಇಟ್ಟು, ಸಿಪಾಯಿಯೊಬ್ಬ ಕೊಟ್ಟಿದ್ದ ಹಳೆ ಕೋಟು ತೊಡುತ್ತಿದ್ದ.

"ಗ್ರೀನ್‌ಬರಿ, ನಾನು..."

"ಮುಚ್ಚು ಬಾಯಿ."

ಆನ್ಸೆಲ್ಮ್ ನಿಂತಲ್ಲೇ ನಿಂತ. ಕ್ಯಾಪ್ಟನ್ನನ್ನು ಅವನು ಎಂದೂ ಏಕವಚನದಲ್ಲಿ ಕರೆದಿರಲಿಲ್ಲ. ಸಂಘದವರು ಎಷ್ಟು ಒತ್ತಾಯ ಮಾಡಿದರೂ ಕರೆದಿರಲಿಲ್ಲ.

"ಆ ಗಾಡಿ ಮಾಡೋನೂ ಒಳ್ಳೇವ್ನೇ. ಗೋಡೆ ಮ್ಯಾಲೆ ನಿಮ್ಮ ದಂಗೆಯವರ ಚಿತ್ರ ಹಾಕ್ಕೊಂಡಿದ್ದ. ಸ್ವಾತಂತ್ರ್ಯ ಅಂತ ಕುಡ್ದು ಅಳ್ತಿದ್ದ. ನನ್ನ ಬಾಡಿಗೆ ಮಾತ್ರ ತಪ್ಪದೆ ಹಾರ್ಡೆಸ್ಟಿಗೆ ಮುಟ್ಟಿಸ್ತಿದ್ದ." ದನಿ ಏರಿಸದೆ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಂಡ. "ನಾನು ಓಡಿಬಂದಾಗ ನೀನು ನನ್ನ ಕೈ ಕುಲುಕಿದೆ. ಇಲ್ಲಿ ಎಲ್ಲಾರೂ ಒಂದೇ ಅಂದೆ. ನಂಬ್ದೆ. ಇವತ್ತು ನನ್ನ ಕೈಲೇ ಕಾಳು ಅಳೆಸ್ಕೊಂಡು ಹೋದ್ಯಲ್ಲ, ನನ್ನ ಕೊರಳಿಗೆ ಬೆಲೆ ಕಟ್ಟೋಕೆ. ಅಷ್ಟು ಜನಕ್ಕೂ ಕಾಳು ಹಂಚಿದೆ. ನಂಗೊಂದು ಕೊಟ್ಯಾ?"

ಆ ಯೋಚನೆ ತನ್ನ ತಲೆಗೆ ಬಂದೇ ಇರಲಿಲ್ಲವಲ್ಲ ಎಂಬುದು ಕಪಾಳಕ್ಕೆ ಬಾರಿಸಿದ ಹಾಗೆ ಆನ್ಸೆಲ್ಮ್‌ಗೆ ತಾಗಿತು. ಲೊರೆನ್ಜ್ ಸತ್ತದ್ದು ಯಾವ ಹಕ್ಕಿಗಾಗಿ? ಅದನ್ನೇ ತಾನು ಟೋಪಿಯಲ್ಲಿ ತುಂಬಿಕೊಂಡು ಹೋಗಿ, ಈ ಮನುಷ್ಯನನ್ನು ಹೊರಗಿಟ್ಟು ಹಂಚಿದ್ದ. ಸಿಟ್ಟು ಈಗ ಬೇರೆ ಯಾರ ಮೇಲೂ ಉಳಿಯಲಿಲ್ಲ.

"ನಡಿ," ಎಂದ.

"ಎಲ್ಲಿಗೆ? ಹಾರ್ಡೆಸ್ಟಿ ಹತ್ರಕ್ಕಾ?"

"ಕಾನ್ಸಾಸ್ ಕಡೆ. ಅಲ್ಲಿ ಗುಲಾಮರನ್ನ ಇಟ್ಕೊಳ್ಳೋ ಹಾಗಿಲ್ಲ. ಪಡುವಣ ಕಾವಲು ದಾಟೋವರೆಗೆ ನಾನು ಜೊತೆಗಿರ್ತೀನಿ. ಒಬ್ನೇ ಹೋದ್ರೆ ಬಿಡಲ್ಲ ಅವರು."

ಗ್ರೀನ್‌ಬರಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಒಲೆಯ ಪಕ್ಕದಲ್ಲಿದ್ದ ರೊಟ್ಟಿಯೊಂದನ್ನು ಕೋಟಿನೊಳಗೆ ತುರುಕಿಕೊಂಡ. "ಮುಂದೆ ನಡಿ," ಎಂದ.

ಹಾಡಹಗಲಲ್ಲಿ, ಇಡೀ ಕಂಪನಿಯ ಕಣ್ಣೆದುರಿಗೆ, ಇಬ್ಬರೂ ಡೇರೆಗಳ ಸಾಲಿನ ನಡುವೆ ನಡೆದರು. ವೆಂಡೆಲಿನ್ ಕೂಗಿದ, "ಆನ್ಸೆಲ್ಮ್! ಏನ್ಮಾಡ್ತಿದೀಯ? ತೀರ್ಮಾನ ಆಗಿದೆ!" ಆನ್ಸೆಲ್ಮ್ ತಿರುಗಿ ನೋಡಲಿಲ್ಲ. ಯಾರೋ ಹಿಂದಿನಿಂದ ಥೂ ಎಂದು ಉಗಿದರು.

ಪಡುವಣ ಕಾವಲಿನಲ್ಲಿ ನಿಂತಿದ್ದವನು ದರ್ಜಿ ಸೆವೆರಿನ್. ಒಂದೇ ದೋಣಿಯಲ್ಲಿ ರೈನ್ ದಾಟಿದ ಗೆಳೆಯ, ಈಗ ಅರವತ್ತರ ಹತ್ತಿರದ ಮುದುಕ. ಸೈನ್ಯಕ್ಕೆ ಸೇರುವಾಗ ವಯಸ್ಸಿನ ಬಗ್ಗೆ ಸುಳ್ಳು ಹೇಳಿದ್ದ. ಮತ ಎಣಿಸಿದ್ದೇ ನೇರ ಕಾವಲಿಗೆ ಬಂದಿದ್ದ. ಇಬ್ಬರನ್ನೂ ಕಂಡು ಕೋವಿಯನ್ನು ಅಡ್ಡ ಹಿಡಿದ. ಅಡ್ಡ ಹಿಡಿಯುವಾಗ ಕ್ಷಮೆ ಕೇಳುವವನಂತೆ ನಕ್ಕ.

"ಆಗಲ್ಲ ಆನ್ಸೆಲ್ಮ್."

"ದಾರಿ ಬಿಡು ಸೆವೆರಿನ್."

"ನಾನು ಬಿಳಿ ಕಾಳು ಹಾಕ್ದೋನು. ದೇವರಾಣೆ. ನಂಗೂ ಹೊಟ್ಟೆ ಉರೀತಿದೆ." ಮುದುಕ ಗ್ರೀನ್‌ಬರಿಯ ಕಡೆ ನೋಡಲು ಹೋಗಿ ನೋಡಲಾರದೆ ಕಣ್ಣು ಕೆಳಗಿಟ್ಟ. "ಆದ್ರೆ ಸೋತ್ವಲ್ಲಪ್ಪ. ಸೋತ್ಮೇಲೆ ಸೋತೋರ ಹಾಗೇ ಇರ್ಬೇಕು ತಾನೆ? ನಾವು ಗೆದ್ದಾಗ ಅವ್ರೂ ಕೇಳಿಲ್ವಾ? ಇದನ್ನ ನೀನೇ ಅಲ್ವಾ ನಂಗೆ ಹೇಳ್ಕೊಟ್ಟಿದ್ದು?"

"ನಾನೇ ಹೇಳ್ಕೊಟ್ಟದ್ದು. ಬಿಡು."

"ವಾಪಸ್ ಹೋಗಿ ಇನ್ನೊಂದ್ಸಲ ಸಭೆ ಕರೀ. ಮಾತಾಡು. ನೀನು ಮಾತಾಡಿದ್ರೆ ಮನಸ್ಸು ಬದಲಾಯಿಸ್ತಾರೆ. ಮರುಮತ ಕೇಳೋಕೆ ಅವಕಾಶ ಇದೆ, ಆನ್ಸೆಲ್ಮ್, ನಿಯಮದಲ್ಲೇ ಇದೆ!"

ಪಕ್ಕದಲ್ಲಿ ಗ್ರೀನ್‌ಬರಿ ಮೂಗಿನಲ್ಲೇ ಒಂದು ಸದ್ದು ಮಾಡಿದ. ನಗುವೂ ಅಲ್ಲ, ನಿಟ್ಟುಸಿರೂ ಅಲ್ಲ. ಅದನ್ನು ಕೇಳಿದ್ದೇ ಆನ್ಸೆಲ್ಮ್‌ನೊಳಗೆ ಏನೋ ಕಡಿದುಹೋಯಿತು.

"ಸಿಪಾಯಿ ಸೆವೆರಿನ್! ನೆಟ್ಟಗೆ ನಿಲ್ಲು! ಕೋವಿ ಕೆಳಗೆ! ಇದು ಆಜ್ಞೆ!"

ಆ ದನಿ ಅವನದಾಗಿರಲಿಲ್ಲ. ಬಾಡೆನ್ನಿನ ಸಂತೆಬೀದಿಯಲ್ಲಿ ಕುದುರೆ ಮೇಲೆ ಕೂತು ಹೆಂಗಸರನ್ನು ಓಡಿಸುತ್ತಿದ್ದ ಪ್ರಷ್ಯದ ಅಧಿಕಾರಿಯ ದನಿ ಅದು. ಇಷ್ಟು ವರ್ಷ ಅದನ್ನು ಶಪಿಸುತ್ತಿದ್ದ ಗಂಟಲಿನಿಂದಲೇ ಅದು ಸಲೀಸಾಗಿ ಹೊರಬಂದಿತ್ತು. ಸೆವೆರಿನ್‌ನ ಮುಖದಿಂದ ನಗು ಒರೆಸಿಹೋಯಿತು. ಹಳೆಯ ಹಿಮ್ಮಡಿಗಳು ತಾವಾಗಿಯೇ ಕೂಡಿದವು, ಕೋವಿ ಪಕ್ಕಕ್ಕೆ ಇಳಿಯಿತು, ಕಣ್ಣು ಎಲ್ಲೋ ದೂರಕ್ಕೆ ನೆಟ್ಟಿತು. ಆಣತಿ ಕೊಟ್ಟವನ ಮುಖ ನೋಡಬಾರದು ಎಂದು ಅವನಿಗೆ ಚಿಕ್ಕಂದಿನಲ್ಲಿ ಹೊಡೆದು ಕಲಿಸಿದ್ದರು.

ಇಬ್ಬರೂ ದಾಟಿದರು. ರೈಲು ಹಳಿಯ ಆಚೆ ಹುಲ್ಲುಗಾವಲು ಹಿಮದಲ್ಲಿ ಬೆಳ್ಳಗೆ ಚಾಚಿತ್ತು. ಆನ್ಸೆಲ್ಮ್ ತನ್ನ ಕೈಗವಸು ಕಳಚಿ ಕೊಡಲು ಹೋದ. ಗ್ರೀನ್‌ಬರಿ ತೆಗೆದುಕೊಂಡ, ಹಾಕಿಕೊಂಡ, ಬೆರಳು ಮಡಿಸಿ ನೋಡಿದ. ಉಪಕಾರ ಸ್ಮರಣೆಯ ಮಾತೇನೂ ಬರಲಿಲ್ಲ. ಬರಬೇಕು ಎಂದು ಆನ್ಸೆಲ್ಮ್ ಕಾಯಲೂ ಇಲ್ಲ.

"ನಾಳೆ ಇನ್ನೊಬ್ಬ ಬರ್ತಾನೆ," ಎಂದ ಗ್ರೀನ್‌ಬರಿ. "ನನ್ನ ಹಿಂದೆ ಇನ್ನೂ ಬೇಕಾದಷ್ಟು ಜನ ಇದಾರೆ ಆ ಹೊಲದಲ್ಲಿ. ಆಗ ಕಾಳು ಹಂಚ್ಬೇಡಿ."

"ನಾಳೆ ನಾನು ಇಲ್ಲಿರಲ್ಲ."

"ಯಾರಿರ್ತಾರೋ ಅವರಿಗೆ ಹೇಳು."

ಅವನು ಹಳಿ ದಾಟಿ, ಓಡದೆ, ಉದ್ದ ಹೆಜ್ಜೆ ಹಾಕುತ್ತ ಹೊರಟ. ಹಿಂದಿರುಗಿ ನೋಡಲಿಲ್ಲ.

ಆನ್ಸೆಲ್ಮ್ ವಾಪಸು ಬರುವಾಗ ಕಾವಲಿನಲ್ಲಿ ಸೆವೆರಿನ್ ಹಾಗೇ ನೆಟ್ಟಗೆ ನಿಂತಿದ್ದ. "ಸೆವೆರಿನ್," ಎಂದು ಮೆಲ್ಲಗೆ ಕರೆದ. ಮುದುಕ ಸೆಲ್ಯೂಟ್ ಹೊಡೆದ. ಇಷ್ಟು ವರ್ಷದಲ್ಲಿ ಅವನು ಹೊಡೆದ ಮೊದಲ ಸೆಲ್ಯೂಟ್ ಅದು.

ಡೇರೆಗಳ ನಡುವೆ ವೆಂಡೆಲಿನ್ ಕಾಯುತ್ತಿದ್ದ. ಮುಖ ಹಿಟ್ಟಿನ ಹಾಗೆ ಬಿಳಿಚಿಕೊಂಡಿತ್ತು.

"ನಮ್ಮ ಮತಕ್ಕೆ ಕವಡೆ ಬೆಲೆ ಇಲ್ಲ ಅಂತ ಮೊದ್ಲೇ ಹೇಳಿದ್ರೆ ಆಗ್ತಿತ್ತು," ಎಂದ. "ಸುಮ್ನೆ ಯಾಕೆ ನಾಟಕ? ನಿಮಗೆ ಬೇಕಾದ ಹಾಗೆ ಬಂದ್ರೆ ಮತ, ಬರದಿದ್ರೆ ಆಜ್ಞೆ. ರಾಜ ಬೇರೆ ಇನ್ನೇನು ಮಾಡ್ತಿದ್ದ, ಕ್ಯಾಪ್ಟನ್ ಸಾಹೇಬ್ರೇ?"

"ವೆಂಡೆಲಿನ್, ಕೇಳು. ಆ ಮತವೇ ತಪ್ಪು. ಕರೆದದ್ದೇ ತಪ್ಪು, ನಾನು..."

"ಕರೆದ್ರಿ ನೀವು. ಹಾಕಿದ್ವಿ ನಾವು. ನಾನು ರಾತ್ರಿಯೆಲ್ಲ ಅವನ ಮುಖ ಕಣ್ಮುಂದೆ ಇಟ್ಕೊಂಡು ಸಾಯ್ತೀನಿ ಅಂತ ಗೊತ್ತಿದ್ದೂ ಹಾಕ್ದೆ. ಆ ಪಾಪಾನ ನಮ್ಮ ಕೈಲಿ ಮಾಡಿಸಿ, ಪುಣ್ಯ ನೀವೊಬ್ರೇ ಕಟ್ಕೊಂಡ್ರಿ." ಮುಖ ತಿರುಗಿಸಿಕೊಂಡು ಹೋದ.

ಅಷ್ಟರಲ್ಲಿ ಕುದುರೆಗಳ ಸದ್ದಾಯಿತು. ಹಾರ್ಡೆಸ್ಟಿ ಊಟ ಮುಗಿಸಿ ಬಂದಿದ್ದ. ಒಲೆಯ ಮುಂದೆ ಯಾರೂ ಇಲ್ಲದ್ದನ್ನು ಕಂಡು ಅವನು ಮಾಡಿದ ರಂಪ ಅಷ್ಟಿಷ್ಟಲ್ಲ. ಡಚ್ಚ ಕಳ್ಳರು, ಬಿಯರು ಕುಡುಕರು, ನಾಸ್ತಿಕರು ಎಂದು ಬಾಯಿಗೆ ಬಂದದ್ದೆಲ್ಲ ಒದರಿದ. ಆನ್ಸೆಲ್ಮ್ ಅವನ ಎದುರಿಗೆ ಹೋಗಿ ನಿಂತು, "ನಾನು ಬಿಟ್ಟೆನು," ಎಂದ. ಹಾರ್ಡೆಸ್ಟಿ ಚಾವಟಿ ಎತ್ತಿದ. ಕರ್ನಲ್ ಕಡೆಯ ಅಧಿಕಾರಿ ನಡುವೆ ಬಂದು, ಕತ್ತಿ ಒಪ್ಪಿಸಿ ಕ್ಯಾಪ್ಟನ್, ನೀವು ಬಂಧನದಲ್ಲಿದ್ದೀರಿ ಎಂದ.

"ಯಾವ ಕಡೆ ಹೋದ ಅವನು?" ಹಾರ್ಡೆಸ್ಟಿ ಸಿಪಾಯಿಗಳ ಕಡೆ ಕುದುರೆ ನುಗ್ಗಿಸಿದ. "ಹೇಳ್ರೋ! ಯಾವ ಕಡೆ?"

ವೆಂಡೆಲಿನ್ ಮುಂದೆ ಬಂದು, ಕೈಯೆತ್ತಿ ಮೂಡಲಿಗೆ, ನದಿಯ ಕಡೆ ತೋರಿಸಿದ.

"ಅಲ್ಲಿಗೆ. ಇಲ್ಲಿನಾಯ್ ಕಡೆ ದೋಣಿ ಹಿಡೀತೀನಿ ಅಂತಿದ್ದ."

ಹಾರ್ಡೆಸ್ಟಿಯ ಕುದುರೆ ಹೆಪ್ಪುಗಟ್ಟಿದ ಕೆಸರಿನ ಹೆಂಟೆ ಹಾರಿಸುತ್ತ ಮೂಡಲಿಗೆ ಓಡಿತು. ಕಂಪನಿಯಲ್ಲಿ ಒಬ್ಬನೂ ತುಟಿ ಎರಡು ಮಾಡಲಿಲ್ಲ. ಆ ಸುಳ್ಳಿಗೆ ಯಾರೂ ಸಭೆ ಕರೆದಿರಲಿಲ್ಲ.

ಆನ್ಸೆಲ್ಮ್‌ನನ್ನು ಅವನದೇ ಡೇರೆಯಲ್ಲಿ ಕೂರಿಸಿದರು. ಬೆಳಿಗ್ಗೆ ರೈಲಿನಲ್ಲಿ ಸೇಂಟ್ ಲೂಯಿಸ್‌ಗೆ ಕಳಿಸುವುದು, ಅಲ್ಲಿ ವಿಚಾರಣೆ. ವೆಂಡೆಲಿನ್ ಕರ್ನಲ್‌ನ ಹತ್ತಿರ ಹೋಗಿ ಏನು ಬೇಡಿಕೊಂಡನೋ, ಏನು ಹೆದರಿಸಿದನೋ, ಡಚ್ಚರ ದಂಗೆಯೊಂದು ಬೇಡ ಎಂದು ಕರ್ನಲ್ ಕೊನೆಗೆ ಫಾನ್ ವೆಡೆನ್‌ನನ್ನು ಹೇರಲಿಲ್ಲ. ನಿಮ್ಮ ಕ್ಯಾಪ್ಟನ್ನನ್ನು ನೀವೇ ಆರಿಸಿಕೊಂಡು ಹಾಳಾಗಿ ಹೋಗಿ ಎಂದನಂತೆ.

ಬಿಸಿಲು ಇಳಿಯುವ ಮೊದಲೇ ಸಭೆ ಸೇರಿತು. ಡೇರೆಯ ಬಾಗಿಲ ಪರದೆ ಅರ್ಧ ಸರಿದಿತ್ತು. ಆನ್ಸೆಲ್ಮ್ ಮಂಚದ ಅಂಚಿನಲ್ಲಿ ಕೂತು ಕೇಳುತ್ತಿದ್ದ. ಅಧ್ಯಕ್ಷನನ್ನು ಆರಿಸಿದರು. ಕ್ಯಾಪ್ಟನ್ ಸ್ಥಾನಕ್ಕೆ ಯಾರೋ ವೆಂಡೆಲಿನ್ ಹೆಸರು ಸೂಚಿಸಿದರು, ಯಾರೋ ಅನುಮೋದಿಸಿದರು. ವೆಂಡೆಲಿನ್ ಬೇಡವೆಂದ, ಗದರಿಸಿದರು, ಸುಮ್ಮನಾದ. ಈ ಸಲ ಕಾಳು ಬೇಡ, ಕೈ ಎತ್ತಿಸಿ ಎಂದು ಹಿಂದಿನಿಂದ ಒಬ್ಬ ಗಟ್ಟಿಯಾಗಿ ಕೂಗಿದ. ಹೌದು ಹೌದು ಎಂದರು ಎಲ್ಲ.

ಕೈಗಳು ಎದ್ದವು. ಪೀಪಾಯಿ ಕಟ್ಟುವಾಗ ಬೆರಳು ಕಳೆದುಕೊಂಡವನ ಕೈ, ಒಲೆಗೆ ಸುಟ್ಟುಕೊಂಡ ಕೈ, ಎಲ್ಲವನ್ನೂ ಆನ್ಸೆಲ್ಮ್ ಗುರುತು ಹಿಡಿದ. ಎಣಿಸುವವನು ನಡುವೆ ತಪ್ಪಿ ಮತ್ತೆ ಮೊದಲಿಂದ ಎಣಿಸತೊಡಗಿದ. ಅಷ್ಟು ಚಳಿಯಲ್ಲೂ ಯಾರೂ ಕೈ ಇಳಿಸಲಿಲ್ಲ.

ಡೇರೆಯ ಬಾಗಿಲಲ್ಲಿ ಕಾವಲಿಗೆ ಹಾಕಿದ್ದು ಸೆವೆರಿನ್‌ನನ್ನು. ಅವನು ಬೆನ್ನು ಹಾಕಿ ನಿಂತಿದ್ದ. ಕೋವಿಯನ್ನು ಎಡಗೈಗೆ ಬದಲಾಯಿಸಿಕೊಂಡು, ಮುದುಕ ನಿಧಾನವಾಗಿ ಬಲಗೈ ಎತ್ತಿದ. ಒಳಗಿನಿಂದ ನೋಡಿದರೆ ಆ ದರ್ಜಿಯ ಕೋಟಿನ ಹೊಲಿಗೆ ಕಂಕುಳಲ್ಲಿ ಉದ್ದಕ್ಕೆ ಬಿಚ್ಚಿಹೋಗಿತ್ತು.